ಭಾವನ ಸಾಲಕ್ಕೆ ನಾನು ಹಾಕಿದ ಸಹಿ

ನಾನು ಮಸ್ಕಿಯ ಆಸ್ಪತ್ರೆಯಲ್ಲಿ ನರ್ಸ್. ಒಂದು ಮಧ್ಯಾಹ್ನ ಡ್ಯೂಟಿ ಮುಗಿಯುತ್ತಲೇ ನಮ್ಮ ಮನೆಯವರು ಬಂದು ಸಿಂಧನೂರಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಅಣ್ಣ ಭತ್ತ ಕೊಯ್ಯುವ ಯಂತ್ರಗಳನ್ನು ಬಾಡಿಗೆಗೆ ಓಡಿಸುತ್ತಿದ್ದರು. ಇನ್ನೊಂದು ಯಂತ್ರ ಕೊಳ್ಳಲು ಒಂದು ಫೈನಾನ್ಸಿನಲ್ಲಿ ಸಾಲ ಕೇಳಿದ್ದರು. ಪಗಾರ ಬರುವವರೊಬ್ಬರ ಜಾಮೀನು ಬೇಕಿತ್ತು.

"ಏನೈತ್ರಿ ಇದರಾಗ?" ಫೈನಾನ್ಸಿನ ಆಫೀಸಿನಲ್ಲಿ ಮುಂದಿಟ್ಟ ಕಾಗದ ನೋಡಿ ಮ್ಯಾನೇಜರನನ್ನು ಕೇಳಿದೆ.

"ಸುಮ್ನ ಫಾರ್ಮಾಲಿಟಿ ರೀ ಮೇಡಂ. ನಿಮ್ಮ ಭಾವನವರ ವ್ಯವಹಾರ ಭಾಳ ಚೊಲೊ ಐತಿ."

ಭಾವ ನನ್ನ ಮುಖ ನೋಡಲಿಲ್ಲ. "ಮಾಡಿಬಿಡು, ಹೊತ್ತಾಗಾಕತ್ತೈತಿ" ಎಂದರು ಮನೆಯವರು. ಸಹಿ ಮಾಡಿದೆ.

ಹೊಸ ಯಂತ್ರ ಬರಲೇ ಇಲ್ಲ. ಬಂದದ್ದು ಕೋರ್ಟಿನ ಸಮನ್ಸು. ಸಾಲ ಕಟ್ಟದ ಭಾವನ ಜೊತೆ ನನ್ನ ಮೇಲೂ ಫೈನಾನ್ಸಿನವರು ದಾವೆ ಹೂಡಿದ್ದರು. ಲಿಂಗಸುಗೂರಿನಲ್ಲಿ ಅವ್ವ ನನಗೆ ಬಿಟ್ಟುಹೋದ ಮನೆಯನ್ನೂ ಜಪ್ತಿ ಮಾಡಬೇಕೆಂದು ಕೇಳಿದ್ದರು. ಓದಿ ಮಡಚಿಟ್ಟು ವಾರ್ಡಿಗೆ ಹೋದೆ. ಒಬ್ಬ ಮುದುಕಿಯ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

"ಸಹಿ ನಿಮ್ದೇನ್ರೀ?" ನಾನು ಹಿಡಿದ ವಕೀಲರು ಕೇಳಿದರು.

"ಹೌದ್ರಿ. ಓದದೇ ಮಾಡೀನ್ರಿ."

"ಅಷ್ಟಕ್ಕ ಕೋರ್ಟು ಬಿಡಂಗಿಲ್ಲವ್ವ. ಫೈನಾನ್ಸಿನವರು ನಿಮ್ಮಿಂದ ಏನರ ಮುಚ್ಚಿಟ್ಟಾರೇನು, ಅದನ್ನ ನೋಡಬೇಕು."

ಪ್ರತಿ ತಾರೀಖಿಗೂ ಮನೆಯವರು ನನ್ನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದರು. ಮ್ಯಾನೇಜರನ ಪಾಟೀಸವಾಲಿನ ದಿನ ಎಲ್ಲ ಹೊರಬಿತ್ತು. ಅದೇ ಫೈನಾನ್ಸಿನಲ್ಲಿ ಭಾವನ ಹಳೆಯ ಸಾಲವೊಂದು ಕಟ್ಟದೆ ಉಳಿದಿತ್ತು. ಹೊಸ ಸಾಲವೆಲ್ಲ ಅದಕ್ಕೇ ಜಮಾ ಆಗಿತ್ತು. ಯಂತ್ರದ ಮಾತೇ ಸುಳ್ಳು.

"ಇದನ್ನ ಜಾಮೀನು ನಿಂತ ಹೆಣ್ಣುಮಗಳಿಗೆ ಹೇಳಿದ್ರೇನು?" ವಕೀಲರು ಕೇಳಿದರು.

"ಅವರು ಕೇಳಲಿಲ್ಲ."

ತಿರುಗಿ ಮನೆಯವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿದ್ದರು. ಅವರಿಗೂ ಮೊದಲೇ ಗೊತ್ತಿತ್ತು ಎಂದು ಆಗ ತಿಳಿಯಿತು.

ಹಳೆಯ ಸಾಲದ ಸಂಗತಿ ಮುಚ್ಚಿಟ್ಟು ಪಡೆದ ಜಾಮೀನು ಊರ್ಜಿತವಲ್ಲ ಎಂದು ನ್ಯಾಯಾಧೀಶರು ನನ್ನ ಮೇಲಿನ ದಾವೆ ವಜಾ ಮಾಡಿದರು. ಸಾಲ ಭಾವನೊಬ್ಬರ ತಲೆಗೆ ಉಳಿಯಿತು. "ಗೆದ್ದೀರಿ, ಸ್ವಲ್ಪ ನಗ್ರಿ" ಎಂದರು ವಕೀಲರು. ತಲೆ ಆಡಿಸಿದೆ.

ಎಷ್ಟೋ ದಿನಗಳ ಮೇಲೆ ಊಟಕ್ಕೆ ಕೂತಾಗ ಮನೆಯವರನ್ನು ಕೇಳಿದೆ, "ನಿಮಗ ಗೊತ್ತಿತ್ತಲ್ರಿ?"

"ಅಣ್ಣ ಅದಾನ. ಏನ್ ಮಾಡ್ಲಿ?" ಎಂದರು.

ಹಾಗಾದರೆ ನಾನು ನಿಮಗೇನಾಗಬೇಕು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಇಬ್ಬರೂ ಉಂಡು ಎದ್ದೆವು.