ಮರವಿಲ್ಲದ ಕಡೆ ಜೇನಿನ ಹಾಡು

ಜಪಾನಿನ ಕೋಬೆ ಊರಿನ ಆ ಸಣ್ಣ ರೇಡಿಯೋದವರಿಗೆ ಬೇಕಾಗಿದ್ದುದು ಹಾಡು, ನಾನಲ್ಲ. ಅಲ್ಲಿ ದೊಡ್ಡ ಭೂಕಂಪ ಆದ ಮೇಲೆ ಪರದೇಶದವರಿಗೆ ಅವರವರ ಮಾತಿನಲ್ಲಿ ಸುದ್ದಿ ಹೇಳುತ್ತಿದ್ದರು. ಬರುಬರುತ್ತ ಕಾಡುಜನರ ಭಾಷೆಗಳಿಗೂ ಅರ್ಧ ಗಂಟೆ ಕೊಟ್ಟರು. ಅಲ್ಲಿ ಜೇನುಕುರುಬರ ಮಾತು ಆಡುವವಳು ನಾನೊಬ್ಬಳೇ. ಯೂನಿವರ್ಸಿಟಿಯಲ್ಲಿ ಓದುವ ಮಗಳ ಮನೆಯಲ್ಲಿದ್ದೆ. ಅವಳು ಹಾಸ್ಟೆಲಿನಲ್ಲಿ ಬೆಳೆದವಳು. ನಮ್ಮ ಮಾತು ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ.

ನಾನು ಒಪ್ಪಿದ್ದು ತಂಗಿಗೋಸ್ಕರ. ಪ್ರೀತಿಯಿಂದಲ್ಲ. ಜಪಾನಿಗೆ ಹೋಗಿ ಅಕ್ಕ ನಮ್ಮ ಮಾತು ಮರೆತಳು ಎಂದು ಅವಳು ಊರಿನ ಹಾಡಿಯಲ್ಲಿ ಗುಡಿಸಲು ಗುಡಿಸಲಿಗೆ ಹೋಗಿ ಸಾರಿದ್ದಳು. ಈ ರೇಡಿಯೋ ಫೋನಿನಲ್ಲೂ ಕೇಳಿಸುತ್ತದಂತೆ. ಎಲ್ಲರನ್ನೂ ಕೂರಿಸಿಕೊಂಡು ಕೇಳು ಎಂದು ಹೇಳಿ ಕಳಿಸಿದೆ.

ಕಾರ್ಯಕ್ರಮ ನಡೆಸುವವನು ಬೆಂಗಳೂರಿನ ಕಂಪ್ಯೂಟರ್ ಕಂಪನಿಯವನು. ಮೈಕಿನ ಮುಂದೆ ಕೂರಿಸಿದ.

"ಅಜ್ಜಿ, ಜೇನು ಕೀಳೋವಾಗ ಹಾಡ್ತೀರಲ್ಲ, ಆ ಸಾಂಗ್ ಹೇಳಿ. ತುಂಬಾ ಬ್ಯೂಟಿಫುಲ್ ಆಗಿರುತ್ತೆ."

"ಮರ ಎಲ್ಲೈತೆ?"

"ಮರ ಯಾಕೆ ಅಜ್ಜಿ? ಸುಮ್ನೆ ಹೇಳಿ."

"ಸುಮ್ನೆ ಹೇಳಲ್ಲ. ಮ್ಯಾಲೆ ಒಬ್ಬ ಹತ್ತಿರಬೇಕು, ಹುಳ ಎದ್ದಿರಬೇಕು. ಇಲ್ಲಿ ಯಾವನು ಹತ್ತವ್ನೆ? ನೀನಾ?"

ಗಾಜಿನಾಚೆ ಕುಳಿತಿದ್ದ ಜಪಾನಿ ಹೆಂಗಸಿಗೆ ಅವನು ಸುಮಿಮಾಸೆನ್ ಎಂದು ಕ್ಷಮೆ ಕೇಳಿದ. ನನ್ನ ಕಡೆ ತಿರುಗಿ ಹಲ್ಲು ಕಚ್ಚಿದ.

"ಪ್ಲೀಸ್ ಅಜ್ಜಿ. ಆಗ್ಲೇ ಅನೌನ್ಸ್ ಮಾಡಿದೀನಿ. ಮರ ಇಲ್ಲ ಅಂತ ಯಾರಿಗ್ ಗೊತ್ತಾಗುತ್ತೆ?"

ಗೊತ್ತಾಗುವವಳು ಒಬ್ಬಳಿದ್ದಳು. ಮರವಿಲ್ಲದ ಕಡೆ ಆ ಹಾಡನ್ನು ನಮ್ಮಲ್ಲಿ ಮಕ್ಕಳೂ ಹಾಡುವುದಿಲ್ಲ. ಒಂದು ಸಾಲು ಎಳೆದಿದ್ದರೂ ಸಾಕಿತ್ತು, ನೋಡ್ರಪ್ಪ, ಮಾತಿನ ಜೊತೆ ಬುದ್ಧಿಯೂ ಹೋಗಿದೆ ಎಂದು ತಂಗಿ ಎಲ್ಲರೆದುರು ಗೆದ್ದುಬಿಡುತ್ತಿದ್ದಳು.

ಕೆಂಪು ದೀಪ ಹತ್ತಿತು. ನಮ್ಮ ಮಾತಿನಲ್ಲೇ ತಂಗಿಯನ್ನು ತರಾಟೆಗೆ ತೆಗೆದುಕೊಂಡೆ. ನಾನು ಬಿಟ್ಟುಬಂದ ಕೋಳಿಗಳನ್ನು ತಿಂದು ತಪ್ಪನ್ನು ನರಿಯ ಮೇಲೆ ಹಾಕಿದ್ದು, ನನ್ನ ಕಂಬಳಿ ಹೊದ್ದು ನನ್ನನ್ನೇ ಆಡಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಭೂಮಿ ನಡುಗಿದರೆ ಮೇಜಿನ ಕೆಳಗೆ ನುಗ್ಗಬೇಕು ಎಂಬುದನ್ನೂ ನಡುವೆ ಸೇರಿಸಿದೆ, ರೇಡಿಯೋದವರ ಕೆಲಸವೂ ಆಗಲಿ ಎಂದು. ಬೆಂಗಳೂರಿನವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ದೀಪ ಆರಿದ ಮೇಲೆ, "ಹಾಡದೇ ಇದ್ರೂ ಎಷ್ಟ್ ಚೆನ್ನಾಗಿತ್ತು ಅಜ್ಜಿ! ಕಾಡಿನ ತಾಯಿಗೆ ಪ್ರಾರ್ಥನೆನಾ?" ಎಂದ.

"ಕೋಳಿ ಕಳ್ಳಿಗೆ," ಎಂದೆ.

ಅವನು ಮತ್ತೆ ನನ್ನನ್ನು ಕರೆಯಲಿಲ್ಲ. ತಂಗಿ ಮಾತ್ರ ಅವತ್ತು ಸಂಜೆಯೇ ಮಗಳ ಫೋನಿಗೆ ಕರೆ ಮಾಡಿ ನಮ್ಮ ಮಾತಿನಲ್ಲಿ ಚೆನ್ನಾಗಿ ಬೈದಳು. ಕೋಳಿಗಳಿಗೆ ವಯಸ್ಸಾಗಿತ್ತಂತೆ, ಹೇಗೂ ಸಾಯುತ್ತಿದ್ದವಂತೆ. ಮಾತು ಮರೆತಳು ಎಂದು ಮಾತ್ರ ಅನ್ನಲಿಲ್ಲ. ನಾನು ನನ್ನ ಕಂಬಳಿ ವಾಪಸ್ ಕೇಳಿದೆ.