ನೆಂಟರ ಮೂಗು

ನನ್ನ ತವರೂರು ಬೈರಮಂಗಲದ ಕೆರೆಯ ಕೆಳಗಿದೆ. ಅಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ನಾತ ನೆಂಟರಿಗೆ, ನಮಗಲ್ಲ. ಹಳೆಯ ಗಾದೆಯಲ್ಲ ಇದು, ಕೆರೆಗೆ ಬೆಂಗಳೂರಿನ ಕೊಳೆನೀರು ಬರತೊಡಗಿದ ಮೇಲೆ ಹುಟ್ಟಿಕೊಂಡದ್ದು. ಹೊಸಬರು ಯಾರಾದರೂ ಬಂದು ಸೆರಗನ್ನೋ ಕರ್ಚೀಫನ್ನೋ ಮೂಗಿಗೆ ಒತ್ತಿಕೊಂಡಾಗಲೇ ಊರವರಿಗೆ ಇವತ್ತು ನಾತ ಜಾಸ್ತಿ ಇದೆ ಎಂದು ತಿಳಿಯುವುದು. ನಾನು ಮದುವೆಯಾಗಿ ಚನ್ನಪಟ್ಟಣ ಸೇರಿದವಳು. ನಮ್ಮ ಬೀದಿಯಲ್ಲಿ ಬೊಂಬೆಗೆ ಹಚ್ಚುವ ಅರಗಿನ ವಾಸನೆ ಸದಾ ಇರುತ್ತದಂತೆ. ಬಂದವರು ಹೇಳುತ್ತಾರೆ, ನನಗೆ ಗೊತ್ತಾಗುವುದಿಲ್ಲ.

ನಾನು ಇಲ್ಲಿ ಬರೆಯಹೊರಟಿರುವುದು ಒಂದು ವಾಸನೆಯ ವಿಷಯ. ಅದರಲ್ಲೇ ತೊಂದರೆ ಇದೆ. ನೋಡಿದ್ದನ್ನು, ಕೇಳಿದ್ದನ್ನು ಮನಸ್ಸು ಒಂದಿಷ್ಟಾದರೂ ಇಟ್ಟುಕೊಂಡಿರುತ್ತದೆ. ವಾಸನೆಯನ್ನು ಮಾತ್ರ ಮತ್ತೆ ಮೂಗಿಗೆ ತಂದುಕೊಳ್ಳಲು ನನಗೆ ಸಾಧ್ಯವಾಗಿಲ್ಲ. ವರ್ಷಗಳಿಂದ ದಿನಚರಿ ಬರೆಯುತ್ತಿದ್ದೇನೆ. ಆ ದಿನದ ಪುಟದಲ್ಲಿ 'ಒಂದು ತರಹದ ವಾಸನೆ' ಎಂದಷ್ಟೇ ಬರೆದಿದ್ದೇನೆ. ಒಂದು ತರಹದ ಎಂದರೆ ಏನು? ಈಗ ಓದಿದರೆ ನನಗೇ ಸಿಟ್ಟು ಬರುತ್ತದೆ.

ಬಿಡದಿಯ ಕಾರ್ಖಾನೆಗಳಿಗೆ ಗ್ಯಾಸ್ ಒಯ್ಯುವ ಕೊಳವೆ ಅಣ್ಣನ ಹೊಲದ ಅಂಚಿನಲ್ಲೇ ಹೋಗಿದೆ. ನೆಲದ ಮೇಲೆ ಕಾಣುವುದು ಹಳದಿ ಬಣ್ಣದ ಒಂದು ಕಂಬ, ಅದರ ಮೇಲೊಂದು ಫೋನ್ ನಂಬರು. ಪಕ್ಕದಲ್ಲಿ ಕಾಂಕ್ರೀಟ್ ಮುಚ್ಚಳದ ಚೇಂಬರು. ಅದರೊಳಗೆ ಗ್ಯಾಸನ್ನು ತಡೆಯುವ, ಬಿಡುವ ವಾಲ್ವು. ಚೇಂಬರಿನಿಂದ ಒಂದು ಕೂಗಳತೆಯೂ ಇಲ್ಲ, ಅಣ್ಣ ಅತ್ತಿಗೆ ರೇಷ್ಮೆಹುಳ ಸಾಕುವ ಹುಳದ ಮನೆ. ಮನೆ ಮೊದಲಿನಿಂದಲೂ ಅಲ್ಲಿತ್ತು. ಕೊಳವೆ ಆಮೇಲೆ ಬಂತು.

ಕೊಳವೆ ಹಾಕಿದ ಹೊಸತರಲ್ಲಿ ಕಂಪನಿಯವರು ಸ್ಕೂಲಿನ ಅಂಗಳದಲ್ಲಿ ಸಭೆ ನಡೆಸಿದ್ದರು. ಈ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ಜನಕ್ಕೆ ಗೊತ್ತಾಗಲಿ ಎಂದು ನಾವೇ ಒಂದು ಕೆಟ್ಟ ವಾಸನೆಯನ್ನು ಬೆರೆಸುತ್ತೇವೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ತಕ್ಷಣ ಈ ನಂಬರಿಗೆ ಫೋನ್ ಮಾಡಿ ಎಂದು ಹೇಳಿದರು. ಹಿಂದಿನ ಸಾಲಿನಿಂದ ಯಾರೋ, "ಹಂಗಾರೆ ದಿನಾ ಬೆಳಿಗ್ಗೆ ಎದ್ದು ಹಲ್ಲುಜ್ಜೋ ಮೊದ್ಲು ನಿಮ್ಗೆ ಒಂದು ಫೋನ್ ಮಾಡ್ಬೇಕಾಯ್ತದೆ ಸಾರ್," ಎಂದರು. ಎಲ್ಲರೂ ನಕ್ಕರು, ಬಂದವರೂ ನಕ್ಕರು. ಈ ನಗು ನನಗೆ ಚೆನ್ನಾಗಿ ನೆನಪಿದೆ ಎಂದು ಒಮ್ಮೆ ಹೇಳಿದಾಗ ಅಣ್ಣ, "ನೀನೆಲ್ಲಮ್ಮಿ ಇದ್ದೆ ಅವತ್ತು? ನಾನೇ ನಿಂಗೆ ಹೇಳಿದ್ದು," ಎಂದ. ಇರಬಹುದು. ನನ್ನ ಕಣ್ಣಿಗೆ ಮಾತ್ರ ಆ ಅಂಗಳ, ನಗುವಾಗ ಅಲುಗಿದ ಪ್ಲಾಸ್ಟಿಕ್ ಕುರ್ಚಿಗಳು ಈಗಲೂ ಕಟ್ಟುತ್ತವೆ.

ಅತ್ತಿಗೆಯ ಫೋನ್ ಬಂದದ್ದು ಒಂದು ಚಳಿಗಾಲದ ಬೆಳಿಗ್ಗೆ.

"ಒಸಿ ಬಂದೋಗವ್ವ. ನಿನ್ ಮೂಗು ಬೇಕಾಗೈತೆ."

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಹಿಂದಿನ ದಿನ ಹುಳಕ್ಕೆ ಸೊಪ್ಪು ಸಾಲದೆ ಕನಕಪುರದ ಕಡೆಯಿಂದ ತರಿಸಿದ್ದಳಂತೆ. ಸೊಪ್ಪಿನ ಹೊರೆ ಇಳಿಸಿದವನು ಹುಳದ ಮನೆಯ ಬಾಗಿಲಲ್ಲಿ ನಿಂತು, "ಏನಕ್ಕಾ, ಒಳಗೆ ಸಿಲಿಂಡರ್ ಏನಾರ ಬುಟ್ಟಿದ್ದೀರಾ? ಗ್ಯಾಸ್ ವಾಸ್ನೆ," ಎಂದನಂತೆ. ಹುಳದ ಮನೆಯಲ್ಲಿ ಸಿಲಿಂಡರ್ ಎಲ್ಲಿಂದ ಬರಬೇಕು? ಅತ್ತಿಗೆ ಕಂಬದ ಮೇಲಿನ ನಂಬರಿಗೆ ಫೋನ್ ಮಾಡಿಸಿದಳು. ಒಬ್ಬ ಬೈಕಿನಲ್ಲಿ ಬಂದು, ಚೇಂಬರಿನ ಸುತ್ತ ಒಂದು ಸುತ್ತು ಹಾಕಿ, "ಕೆರೆ ನಾತ ಕಣಮ್ಮ ಅದು," ಎಂದು ಹೇಳಿ ಹೋದ.

ಹುಳ ಜ್ವರಕ್ಕೆ ಕೂತಿದ್ದವು. ರೇಷ್ಮೆಹುಳ ಬೆಳೆಯುವಾಗ ನಡುನಡುವೆ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಕೂತು, ಹಳೆಯ ಚರ್ಮ ಕಳಚುತ್ತವೆ. ಅದನ್ನೇ ಜ್ವರ ಎನ್ನುವುದು. ಆಗ ಮನೆ ಬೆಚ್ಚಗಿರಬೇಕು. ಅಂಥ ಚಳಿಯಲ್ಲಿ ಬಾಂಡ್ಲಿಯಲ್ಲಿ ಕೆಂಡ ಮಾಡಿ ಒಳಗಿಡದಿದ್ದರೆ ಕೆಲವು ಜ್ವರದಿಂದ ಏಳುತ್ತವೆ, ಕೆಲವು ಏಳುವುದಿಲ್ಲ, ಬೆಳೆ ಕೆಡುತ್ತದೆ. ಆದರೆ ಸೊಪ್ಪಿನವನು ಹೇಳಿದ್ದು ನಿಜವಾಗಿದ್ದು, ಕೆಂಡ ಇಟ್ಟರೆ? ಅತ್ತಿಗೆ ಅವತ್ತು ರಾತ್ರಿ ಕೆಂಡ ಇಟ್ಟಿರಲಿಲ್ಲ. ಇನ್ನೊಂದು ರಾತ್ರಿ ಹುಳ ತಡೆಯುವುದಿಲ್ಲ ಎಂದಳು.

ಬಸ್ಸಿಳಿದ ಕೂಡಲೇ ಕೆರೆಯ ನಾತ ಮುಖಕ್ಕೆ ಬಡಿಯಿತು. ಎಂದೂ ಆಗದ ಸಮಾಧಾನ ಅಂದು ಆಯಿತು, ಮೂಗು ಕೆಲಸ ಮಾಡುತ್ತಿದೆ ಎಂದು. ನೇರವಾಗಿ ಚೇಂಬರಿನ ಬಳಿ ಹೋಗಿ ಬಗ್ಗಿದೆ. ಅತ್ತಿಗೆ ಬೆಂಕಿಪೊಟ್ಟಣ ಹಿಡಿದುಕೊಂಡೇ ಸ್ವಲ್ಪ ದೂರದಲ್ಲಿ ನಿಂತಿದ್ದಳು. "ಅದನ್ನ ಮೊದಲು ಮನೆಯೊಳಗಿಟ್ಟು ಬಾ," ಎಂದೆ. ಅದು ತನ್ನ ಕೈಯಲ್ಲಿರುವುದೇ ಅವಳಿಗೆ ಗೊತ್ತಿರಲಿಲ್ಲ.

ಮುಚ್ಚಳದ ಅಂಚಿನಲ್ಲಿ ಉಸಿರೆಳೆದೆ. ಕೆರೆಯ ನಾತ. ಅದರ ಒಳಗೆ, ಅಥವಾ ಅದರ ಹಿಂದೆ, ಇನ್ನೊಂದು? ಎರಡನೆಯ ಸಲ ಎಳೆದಾಗ ಇತ್ತು ಅನಿಸಿತು. ಮೂರನೆಯ ಸಲ ಏನೂ ಇಲ್ಲ. ಇದೆ ಎಂದು ಕೇಳಿಕೊಂಡು ಬಂದವಳಿಗೆ ಇದೆ ಎನ್ನಿಸುವುದು ಸಹಜವಲ್ಲವೇ? ಎಷ್ಟು ಸಲ ಮೂಸಿದೆನೋ ಅಷ್ಟು ಅನುಮಾನ ಹೆಚ್ಚಿತು.

"ಏನವ್ವ?" ಎಂದಳು ಅತ್ತಿಗೆ.

"ಗೊತ್ತಾಗ್ತಿಲ್ಲ ಅತ್ತಿಗೆ."

ಅಣ್ಣ ಹುಳದ ಮನೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದ. "ಎಂಎ ಮಾಡ್ಸಿದ್ದು ಇದಕ್ಕಾ? ಇದೆ ಅನ್ನು, ಇಲ್ಲ ಅನ್ನು. ಎರಡೂ ಅಲ್ಲ ಅಂದ್ರೆ ಹುಳಕ್ಕೆ ಏನಂತ ಹೇಳನ?"

"ನಿಮ್ ಮೂಗೇ ಒಂದ್ಸಲ ತಂದು ಇಕ್ಕಿ ಮೂಸ್ರಿ ಮತ್ತೆ," ಎಂದಳು ಅತ್ತಿಗೆ.

"ನನ್ನ ಮೂಗು ಸತ್ತು ತಿಥಿ ಆಗೋಗೈತೆ ಕಣೆ."

ಅಂದೇ ಊರಿಗೆ ತಪಾಸಣೆಯವರು ಬರುತ್ತಾರೆ ಎಂದು ಪಂಚಾಯ್ತಿಯಿಂದ ಸುದ್ದಿ ಬಂದಿತ್ತು. ಕೊಳವೆ ನಡೆಸುವ ಕಂಪನಿಗಳು ದುರಸ್ತಿಯನ್ನೂ ಸುರಕ್ಷತೆಯನ್ನೂ ನಿಯಮದಂತೆ ನೋಡಿಕೊಳ್ಳುತ್ತಿವೆಯೇ ಎಂದು ಪರೀಕ್ಷಿಸುವುದು ಸರ್ಕಾರದ ನಿಯಂತ್ರಣ ಮಂಡಳಿ. ಅದು ಕಳಿಸಿದವರು ಕೊಳವೆಯ ದಾರಿಯಲ್ಲಿರುವ ಊರವರನ್ನೂ ಮಾತಾಡಿಸುತ್ತಾರಂತೆ. ನಾನು ಅತ್ತಿಗೆಯನ್ನು ಎಳೆದುಕೊಂಡೇ ಸ್ಕೂಲಿನ ಅಂಗಳಕ್ಕೆ ಹೋದೆ. ಅಣ್ಣನೂ ಹಿಂದೆಯೇ ಬಂದ. ಈ ಸಲ ನಾನು ಅಲ್ಲಿದ್ದೆ, ಇದರಲ್ಲಿ ಅಣ್ಣನಿಗೂ ತಕರಾರಿಲ್ಲ.

ತಪಾಸಣೆಯ ಅಧಿಕಾರಿ ವಯಸ್ಸಾದವರು, ಉತ್ತರದ ಕಡೆಯವರು. ಕನ್ನಡ ಬರುತ್ತಿರಲಿಲ್ಲ. ಅವರ ಪಕ್ಕದಲ್ಲಿ ಕಂಪನಿಯ ಯುವ ಎಂಜಿನಿಯರ್ ನಿಂತು ಅವರ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುತ್ತಿದ್ದರು. ಅಧಿಕಾರಿ ಇಳಿದಾಗಿನಿಂದ ಕರ್ಚೀಫನ್ನು ಮೂಗಿನಿಂದ ತೆಗೆದಿರಲಿಲ್ಲ. ಕರ್ಚೀಫಿನೊಳಗಿಂದಲೇ ಏನೋ ಕೇಳಿದರು.

"ಇಲ್ಲಿ ಯಾವತ್ತಾದರೂ ಕೆಟ್ಟ ವಾಸನೆ ಬಂದಿದೆಯಾ ಅಂತ ಕೇಳ್ತಿದ್ದಾರೆ," ಎಂದರು ಎಂಜಿನಿಯರ್.

"ಇಲ್ಲ ಸಾರ್," ಎಂದಿತು ಊರು.

"ಸ್ವಲ್ಪವೂ?"

"ಯಾವ ವಾಸ್ನೆನೂ ಇಲ್ಲ ಸಾರ್. ಗಾಳಿ ಪಸಂದಾಗೈತೆ."

ಬೇರೆ ಊರಿನವರು ಇದನ್ನು ಸುಳ್ಳು ಎನ್ನಬಹುದು. ಅಷ್ಟು ಸರಳವಲ್ಲ. ಕೆರೆ ಕೆಟ್ಟ ಮೇಲೆ ಈ ಊರಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಹೆಣ್ಣಿನ ಕಡೆಯವರು ಬಂದಾಗ ಊದುಬತ್ತಿ ಹಚ್ಚಿಟ್ಟು, ಏನಾದರೂ ವಾಸನೆಯಾ ಎಂದು ಅವರು ಕೇಳಿದರೆ ಇಲ್ಲವಲ್ಲ ಎನ್ನುವುದು ಇಲ್ಲಿ ಎಲ್ಲರ ನಾಲಿಗೆಗೂ ಅಭ್ಯಾಸವಾಗಿದೆ. ಹೊರಗಿನವರು ಮೂಗು ಮುಚ್ಚಿಕೊಂಡು ಆ ಪ್ರಶ್ನೆ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ನನ್ನ ಪಕ್ಕ ನಿಂತಿದ್ದ ಅತ್ತಿಗೆ, ರಾತ್ರಿಯೆಲ್ಲ ನಿದ್ದೆಗೆಟ್ಟವಳು, ಅವಳೂ ಎಲ್ಲರ ಜೊತೆ "ಇಲ್ಲ ಸಾರ್" ಎಂದುಬಿಟ್ಟಳು! ಹೇಳಿಯಾದ ಮೇಲೆ ನನ್ನ ಮುಖ ನೋಡಿದಳು.

ಎಂಜಿನಿಯರ್ ಇಂಗ್ಲಿಷಿನಲ್ಲಿ, ಈ ಊರಿನಿಂದ ಇದುವರೆಗೆ ದೂರುಗಳು ಸೊನ್ನೆ ಸಾರ್ ಎಂದರು. ಹೆಮ್ಮೆಯಿಂದಲೇ ಹೇಳಿದರು. ಬಹುಶಃ ಬೈಕಿನವನು ಬಂದು ಹೋದದ್ದು ಅವರವರೆಗೆ ತಲುಪಿರಲಿಲ್ಲ. ಅಧಿಕಾರಿ ತಲೆಯಾಡಿಸಿ ಜೀಪಿನ ಕಡೆ ತಿರುಗಿದರು.

ಆಗ ನಾನು ಮಾತಾಡಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಏನು ಹೇಳಿದೆ ಎನ್ನುವುದಕ್ಕೆ ಈಗ ಎರಡು ಪಾಠಗಳಿವೆ. ದಿನಚರಿಯ ಪ್ರಕಾರ ನಾನು ವಿನಯದಿಂದ ಒಂದು ವಿಷಯ ಗಮನಕ್ಕೆ ತಂದೆ. ಅಣ್ಣನ ಪ್ರಕಾರ, "ಸಂತೇಲಿ ಕೋಳಿ ಕಳ್ಕೊಂಡವಳ ಥರ ಕೂಗಿಬುಟ್ಟೆ." ಎರಡರಲ್ಲೂ ಒಪ್ಪಿಗೆ ಇರುವುದು ಇಷ್ಟು: ಸಾರ್, ನೀವು ಯಾವ ವಾಸನೆಗೆ ಮೂಗು ಮುಚ್ಚಿಕೊಂಡಿದ್ದೀರೋ ಅದೇ ಇವರಿಗೆ ಗೊತ್ತಾಗುತ್ತಿಲ್ಲ, ನಿಮ್ಮ ಕೊಳವೆಯದು ಹೇಗೆ ಗೊತ್ತಾಗಬೇಕು ಎಂದು ನಾನು ಕೇಳಿದೆ.

ಅವರು ಕರ್ಚೀಫನ್ನು ಕೆಳಗಿಳಿಸಿದರು. ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡರು. ನಂತರ ಎಂಜಿನಿಯರನ್ನು ಕೇಳಿದರು, ಹಾಗಾದರೆ ಇಲ್ಲಿ ಮೂಸುವವರು ಯಾರು?

ಗ್ಯಾಸ್ ಹಿಡಿಯುವ ಯಂತ್ರವನ್ನು ತರಲು ಹೇಳಿದರು. ಜೀಪಿನಲ್ಲಿ ಅದು ಇರಲಿಲ್ಲ, ಬಿಡದಿಯ ಆಫೀಸಿನಿಂದ ಬರಬೇಕಿತ್ತು. ಬೇಕಾದರೆ ನಾಳೆ ಮಾಡಿಸುತ್ತೇವೆ ಎಂದರು ಎಂಜಿನಿಯರ್. ಅಧಿಕಾರಿ ಯಂತ್ರ ಬರುವವರೆಗೆ ಕಾಯುತ್ತೇನೆಂದು ನಮ್ಮ ಹುಳದ ಮನೆಯವರೆಗೆ ನಡೆದು ಬಂದು ಅಣ್ಣನ ಪಕ್ಕ ಜಗಲಿಯ ಮೇಲೆ ಕೂತರು.

ಬಿಸಿಲು ಇಳಿಯತೊಡಗಿತು. ಅತ್ತಿಗೆ ಒಳಗೆ ಹೋಗುವಳು, ತಟ್ಟೆಗಳ ಮೇಲೆ ಕೈಯಾಡಿಸುವಳು, ಹೊರಗೆ ಬರುವಳು. "ತಣ್ಣಗಾಯ್ತಾ ಅವೆ," ಎನ್ನುವಳು, ಯಾರಿಗೂ ಅಲ್ಲದ ಹಾಗೆ. ಕಿಟಕಿಗಳಿಗೆ ಗೋಣಿ ಕಟ್ಟಿದ್ದಾಯಿತು. ಮನೆಯ ಕಂಬಳಿಗಳನ್ನೆಲ್ಲ ತಂದು ಬಾಗಿಲಿಗೆ ಹಾಕಿದ್ದಾಯಿತು. ಒಂದು ಬೀಡಿ ಹಚ್ಚಲೆಂದು ಜೇಬಿಗೆ ಕೈ ಹಾಕಿದ ಅಣ್ಣನನ್ನು ಅತ್ತಿಗೆ ಬೈದ ಬೈಗುಳವನ್ನು ಅಧಿಕಾರಿ ನನ್ನಿಂದ ಅನುವಾದ ಮಾಡಿಸಿಕೊಳ್ಳಲು ನೋಡಿದರು. ನಾನು ಮಾಡಲಿಲ್ಲ. ಯಂತ್ರ ಬಂದು ಏನೂ ಇಲ್ಲ ಎಂದರೆ ಒಂದು ದಿನ ಸುಮ್ಮನೆ ಹಾಳು ಮಾಡಿದ ಹಾಗಾಯಿತು, ಹುಳ ನನ್ನಿಂದ ಕೆಟ್ಟವು ಎಂದಾಗುತ್ತದೆ. ಇದೆ ಎಂದರೆ? ನಾನು ಯಾವುದನ್ನು ಬಯಸುತ್ತಿದ್ದೆ ಎಂದು ಈಗಲೂ ಖಚಿತವಾಗಿ ಹೇಳಲಾರೆ.

ಯಂತ್ರ ಬಂತು, ಕೈಯಲ್ಲಿ ಹಿಡಿಯುವಂಥದ್ದು, ಮುಂದೆ ಒಂದು ಕಡ್ಡಿ. ಕಡ್ಡಿಯನ್ನು ಚೇಂಬರಿನ ಮುಚ್ಚಳದ ಸಂದಿಗೆ ಇಟ್ಟಾಗ ಅದು ಮರಿಹಕ್ಕಿಯ ಹಾಗೆ ಕೀಚ್ ಎಂದಿತು. ತೆಗೆದರು, ಸುಮ್ಮನಾಯಿತು. ಇಟ್ಟರು, ಮತ್ತೆ ಕೀಚ್. ಎಂಜಿನಿಯರ್ ಎಲ್ಲರನ್ನೂ ದೂರ ಕಳಿಸಿ, ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ವಾಲ್ವಿನ ಒಂದು ಭಾಗವನ್ನು ಬಿಗಿ ಮಾಡಿದರು. ಸಣ್ಣ ಸೋರಿಕೆ ಮೇಡಂ, ಹೆದರುವಂಥದ್ದೇನಲ್ಲ ಎಂದರು. ಅಧಿಕಾರಿ ಹುಳದ ಮನೆಯೊಳಗೂ ಯಂತ್ರ ಹಿಡಿಸಿ, ಅದು ಸುಮ್ಮನಿರುವುದನ್ನು ಎರಡೆರಡು ಸಲ ನೋಡಿ, ಅತ್ತಿಗೆಯ ಕಡೆ ತಲೆಯಾಡಿಸಿದರು. ಆದರೂ ಅವಳು ನನ್ನ ಕಡೆ ನೋಡಿದಳು. ನಾನೂ ತಲೆಯಾಡಿಸಿದ ಮೇಲೆ ಅಡುಗೆಮನೆಗೆ ಹೋಗಿ ಕೆಂಡ ತಂದಳು. ಹುಳ ಒಟ್ಟಿಗೆ ಏಳಲಿಲ್ಲ, ಆದರೂ ಬೆಳೆ ಪೂರ್ತಿ ಹೋಗಲಿಲ್ಲ. ಗೂಡು ಸಾಧಾರಣ ಬಂತು.

ಈ ಊರಿನಲ್ಲಿ ಜನರ ದೂರನ್ನು ನಂಬಿ ಕೂರಬಾರದು, ಯಂತ್ರದವನು ಆಗಾಗ ಬಂದು ನೋಡಲೇಬೇಕು ಎಂದು ಅಧಿಕಾರಿ ಆದೇಶ ಕೊಟ್ಟು ಹೋದರಂತೆ. ಯಂತ್ರದವನು ಬಂದ. ಮಳೆಗಾಲದಲ್ಲೂ ಬಂದ. ಅತ್ತಿಗೆ ಅವನಿಗೆ ಕಾಫಿ ಕೊಡುತ್ತಿದ್ದಳು. ಆಮೇಲೆ ಬರುವುದು ತಡವಾಯಿತು, ಗುತ್ತಿಗೆ ಬದಲಾಗಿದೆ ಎಂದು ಕೇಳಿದೆವು. ನೋಡಿಕೊಳ್ಳುವವರನ್ನು ನೋಡಿಕೊಳ್ಳಲು ಬಂದವರು ಮತ್ತೆ ಯಾವಾಗ ಬರುತ್ತಾರೋ ಯಾರಿಗೂ ತಿಳಿಯದು. ಆ ನಡುವಿನ ಕಾಲಕ್ಕೆಲ್ಲ ನನ್ನ ಮೂಗು. ಪ್ರತಿ ಬೆಳೆಗೂ ಫೋನ್ ಬರುತ್ತದೆ, "ಹುಳ ಜ್ವರಕ್ಕೆ ಕೂತವೆ, ಒಸಿ ಬಂದು ಮೂಸೋಗವ್ವ." ನಾನು ಹೋಗಿ, ಬಗ್ಗಿ, ಉಸಿರೆಳೆದು ಬರುತ್ತೇನೆ.

ಈ ಚಳಿಗಾಲದಲ್ಲಿ ಬಸ್ ತಪ್ಪಿ, ಬಿಡದಿಯಿಂದ ಆಟೋದಲ್ಲಿ ಹೋದೆ. ಇಳಿದು, ಅಂಗಳ ದಾಟಿ, ಚೇಂಬರಿನ ಬಳಿ ಬಗ್ಗಿದೆ. ಏನೂ ಇಲ್ಲ. ಇಲ್ಲ ಎಂದು ಹೇಳಲು ಬಾಯಿ ತೆರೆದವಳು ಅಲ್ಲೇ ನಿಂತೆ. ಇಳಿದಾಗ ಕೆರೆಯ ನಾತ ಬಡಿದಿತ್ತೇ? ನೆನಪು ಮಾಡಿಕೊಂಡೆ, ಬರಲಿಲ್ಲ. ಈಗ ಎಳೆದು ನೋಡಿದೆ. ಬರೀ ತಣ್ಣನೆಯ ಗಾಳಿ. ಕೆರೆ ಶುದ್ಧವಾಗಿದ್ದರೆ ಅಣ್ಣ ಹೇಳದೆ ಇರುತ್ತಿದ್ದನೇ?

ಆಟೋದವನು ಇನ್ನೂ ಗಾಡಿ ತಿರುಗಿಸುತ್ತಿದ್ದ. ಓಡಿಹೋಗಿ ಅವನನ್ನು ನಿಲ್ಲಿಸಿದೆ.

"ಇಲ್ಲಿ ನಿಮಗೇನಾದರೂ ವಾಸನೆ ಬರ್ತಿದೆಯಾ?"

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಏನ್ ಮೇಡಂ ಹಿಂಗ್ ಕೇಳ್ತೀರ! ನಾತಕ್ಕೆ ತಲೆ ಸಿಡೀತಾ ಐತೆ."

"ಅದಲ್ಲ. ಅದರ ಜೊತೆಗೆ ಬೇರೆ ಯಾವುದಾದ್ರೂ? ಗ್ಯಾಸಿನ ಥರ?"

"ಇದ್ರೊಳಗೆ ಇನ್ನೊಂದು ಹೆಂಗ್ ಗೊತ್ತಾದದು ಮೇಡಂ?" ಎಂದು ಹೇಳಿ ಅವನು ಹೊರಟ.

ತಿರುಗಿ ಬಂದೆ. ಅತ್ತಿಗೆ ಹುಳದ ಮನೆಯ ಬಾಗಿಲಲ್ಲಿ ಖಾಲಿ ಬಾಂಡ್ಲಿ ಹಿಡಿದು ನಿಂತಿದ್ದಳು.

"ಏನವ್ವ, ಇಡನಾ?"

"ನಂಗೆ ಕೆರೆ ನಾತಾನೇ ಗೊತ್ತಾಗ್ತಿಲ್ಲ ಅತ್ತಿಗೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ, "ಅಂಗಾರೆ ನೀನೂ ಮನೆಯವಳಾಗೋದೆ," ಎಂದು ಬಾಂಡ್ಲಿಯನ್ನು ಕವುಚಿ ಹಾಕಿದಳು. ನಾನು ಹಳದಿ ಕಂಬದ ಮೇಲಿನ ನಂಬರಿಗೆ ಫೋನ್ ಮಾಡಿ, ಯಂತ್ರ ಕಳಿಸಿ ಎಂದೆ. ವಾಸನೆ ಬರ್ತಿದೆಯಾ ಮೇಡಂ ಎಂದು ಆ ಕಡೆಯಿಂದ ಕೇಳಿದರು. ಇಲ್ಲ, ಅದಕ್ಕೇ ಫೋನ್ ಮಾಡಿದ್ದು ಎಂದೆ. ಅವರು ಮತ್ತೆ ಅದೇ ಪ್ರಶ್ನೆ ಕೇಳಿದರು, ನಾನು ಮತ್ತೆ ಅದೇ ಉತ್ತರ ಕೊಟ್ಟೆ. ಅತ್ತಿಗೆ ಕಂಬಳಿಗಳನ್ನು ತರಲು ಒಳಗೆ ಹೋದಳು.