ಹತ್ತನೆಯವನಿಗಾಗಿ ಕಿಟಕಿ ತಟ್ಟುವ ಮಖ್ಲೂಫ್

ಗಿವತ್ ರೋತೆಮ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮರುಭೂಮಿಯ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತಿದೆ. ಉಣ್ಣೆಯ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು, ಎಡಗಾಲನ್ನು ಕೊಂಚ ಎಳೆಯುತ್ತ ಮಖ್ಲೂಫ್ ಓಹಯೋನ್ ಓಣಿ ಇಳಿಯುತ್ತಿದ್ದಾರೆ. ಒಂದೊಂದು ಮನೆಯ ಕಿಟಕಿಯ ಬಳಿ ನಿಂತು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. "ಏಳಪ್ಪಾ ಶಿಮೋನ್, ದೇವರು ಎದ್ದು ಆಗ್ಲೇ ಎಷ್ಟೊತ್ತಾಯ್ತು!" ಒಳಗಿನಿಂದ ಗೊಣಗಾಟ ಕೇಳಿಸಿದರೆ ಮುಂದಿನ ಮನೆ. ಕೇಳಿಸದಿದ್ದರೆ ಮತ್ತೊಮ್ಮೆ, ಇನ್ನೂ ಜೋರಾಗಿ.

ತಿರುವಿನಲ್ಲಿ ಬ್ರೆಡ್ ವ್ಯಾನು ನಿಧಾನವಾಗುತ್ತದೆ. ಅದನ್ನು ಓಡಿಸುವ ಬೆದುಯಿನ್ ಮುಸಲ್ಮಾನ ಯುವಕ ಸಲೀಮ್ ತಲೆ ಹೊರಗೆ ಹಾಕುತ್ತಾನೆ.

"ಏನ್ ಚಿಕ್ಕಪ್ಪಾ, ಇವತ್ತು ಎಷ್ಟು ಜನ ಸಿಕ್ರು?"

"ಎಷ್ಟು ಅಂತೆಲ್ಲ ಕೇಳ್ಬಾರ್ದು ಕಣೋ, ದೃಷ್ಟಿ ಆಗುತ್ತೆ."

"ಕಮ್ಮಿ ಬಿದ್ರೆ ನಾನೇ ಬಂದುಬಿಡ್ತಿದ್ದೆ. ನಿಮ್ಮೋರು ನನ್ನ ಲೆಕ್ಕಕ್ಕೆ ತಗೋಬೇಕಲ್ಲ!"

"ನಮ್ಮೋರನ್ನೇ ನಮ್ಮೋರು ಲೆಕ್ಕಕ್ಕೆ ತಗೋತಿಲ್ಲ, ಇನ್ನು ನಿನ್ನನ್ನ ತಗೋತಾರಾ? ಹೋಗು, ಬ್ರೆಡ್ ಆರಿಹೋಗುತ್ತೆ."

ಮಖ್ಲೂಫ್ ಈ ಊರಿನ ಯಹೂದಿ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗಿನ ಶಮಾಶ್, ಪರಿಚಾರಕ. ನೆಲ ಒರೆಸುವುದು, ದೀಪ ಹಾಕುವುದು, ಪ್ರಾರ್ಥನೆಯ ಪುಸ್ತಕ ಜೋಡಿಸುವುದು, ತೋರಾ ಎಂಬ ಧರ್ಮಗ್ರಂಥದ ಸುರುಳಿಯಿಟ್ಟ ಕಪಾಟಿನ ಬೀಗದ ಕೈ ಕಾಯುವುದು ಎಲ್ಲ ಅವರದೇ. ಇವು ಯಾವುವೂ ಅವರಿಗೆ ಭಾರವಲ್ಲ. ಹತ್ತು ಜನರನ್ನು ಕೂಡಿಸುವುದೇ ಭಾರ. ಹತ್ತು ಮಂದಿ ವಯಸ್ಕ ಗಂಡಸರು ಸೇರದೆ ಸುರುಳಿ ಹೊರಗೆ ಬರುವುದಿಲ್ಲ, ಸತ್ತ ತಂದೆತಾಯಿಗಾಗಿ ಮಕ್ಕಳು ಹೇಳುವ ಕದ್ದೀಶ್ ಪ್ರಾರ್ಥನೆಯೂ ಇಲ್ಲ.

ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದು ಇವರಲ್ಲಿ ಅಪಶಕುನ. ಅದಕ್ಕೆಂದೇ ಹತ್ತು ಪದಗಳ ಒಂದು ಸಾಲಿದೆ, ನಿನ್ನ ಜನರನ್ನು ಕಾಪಾಡು ಎಂದು ದೇವರನ್ನು ಬೇಡುವ ಸಾಲು. ಮಖ್ಲೂಫ್ ಒಬ್ಬೊಬ್ಬರ ಮುಖ ನೋಡಿ ಒಂದೊಂದು ಪದವನ್ನು ತುಟಿಯಲ್ಲೇ ಅನ್ನುತ್ತಾರೆ. ಕೊನೆಯ ಪದಕ್ಕೂ ಒಬ್ಬ ಸಿಕ್ಕಿದರೆ ಅವತ್ತಿನ ಬೆಳಗು ಗೆದ್ದಂತೆ. ಹೋದ ಚಳಿಗಾಲದಿಂದ ವಸಂತದವರೆಗೆ ಸಾಲು ನಡುವೆಯೇ ನಿಂತುಬಿಟ್ಟ ಬೆಳಗುಗಳೇ ಹೆಚ್ಚು.

ಎಪ್ಪತ್ತು ದಾಟಿರುವ ಮಖ್ಲೂಫ್ ಮೊರಾಕ್ಕೋದ ಬೆಟ್ಟದೂರಿನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಮನೆಮಂದಿಯ ಜೊತೆ ಹಡಗು ಹತ್ತಿ ಬಂದರು. "ಲಾರಿಯಿಂದ ಇಳಿಸುವಾಗ ನಮ್ಮಪ್ಪ, 'ಇದು ಯಾವೂರು' ಅಂತ ಕೇಳಿದ್ರು. ಲಾರಿಯೋರು 'ನಿಮ್ದೇ ಊರು, ಇಳೀರಿ' ಅಂದ್ರು. ನೋಡಿದ್ರೆ ಬರೀ ಮರಳು, ತಗಡಿನ ಶೆಡ್ಡು. ಅಪ್ಪ ಗೊಳೋ ಅಂತ ಅತ್ರು. ಆಮೇಲೆ ಬಗ್ಗಿ ಮಣ್ಣಿಗೆ ಮುತ್ತು ಕೊಟ್ರು. ಅಳು ನಿಲ್ಲಿಸಿ ಅಲ್ಲ, ಅಳ್ತಾ ಅಳ್ತಾನೇ." ಬೆಳೆದ ಮೇಲೆ ಕಲ್ಲುಕ್ವಾರಿಯ ಕೆಲಸ. ನಡುವೆ ಸೈನಿಕನಾಗಿ ಗಡಿಯ ಕಾಲುವೆಯ ಬಳಿ ನಡೆದ ಯುದ್ಧ. ಅಲ್ಲಿ ಮಂಡಿಗೆ ಹೊಕ್ಕ ಕಬ್ಬಿಣದ ಚೂರು ಚಳಿ ಬಂದಾಗಲೆಲ್ಲ ಇವತ್ತಿಗೂ ಅವರನ್ನು ಮಾತಾಡಿಸುತ್ತದೆ.

ಊರು ಒಡೆದದ್ದು ಒಂದು ಪ್ರಾರ್ಥನೆಯ ಮೇಲೆ. ಶನಿವಾರ, ಅಂದರೆ ಶಬ್ಬಾತ್ ದಿನ, ತೋರಾ ಸುರುಳಿ ಹೊರತಂದಾಗ ದೇಶಕ್ಕಾಗಿ ಪ್ರಾರ್ಥಿಸುವುದು ಇಲ್ಲಿನ ವಾಡಿಕೆ. ದೇಶವನ್ನು ಕಾಪಾಡು, ಅದರ ಮಂತ್ರಿಗಳಿಗೆ ಒಳ್ಳೆಯ ಬುದ್ಧಿ ಕೊಡು ಎಂಬುದು ಅದರ ಸಾರ. ಚಳಿಗಾಲದಲ್ಲಿ ಅಮೆರಿಕದ ಒತ್ತಾಯಕ್ಕೆ ಮಣಿದು ಸರ್ಕಾರ ವಿವಾದದ ನೆಲದಲ್ಲಿರುವ ಗುಡ್ಡವೊಂದರ ಮೇಲಿನ ಯಹೂದಿ ವಸತಿಯನ್ನು ತೆರವು ಮಾಡಲು ಒಪ್ಪಿತು. ಶಾಲೆಯ ಮೇಷ್ಟ್ರು ಎಲ್ಯಾಕೀಮ್ ಹಾಲ್ಪರ್ನ್ ಅವರ ತಂಗಿಯ ಮನೆ ಇರುವುದು ಅದೇ ಗುಡ್ಡದಲ್ಲಿ. ಮರುವಾರ ಆ ಪ್ರಾರ್ಥನೆ ಬಂದಾಗ ಎಲ್ಲರೂ ಎದ್ದು ನಿಂತರು, ಎಲ್ಯಾಕೀಮ್ ಏಳಲಿಲ್ಲ.

"ಈ ದೇಶ ಹುಟ್ಟಿದ್ದೇ ನಮ್ಮ ಜನರ ಬಿಡುಗಡೆಯ ಮೊದಲ ಹೆಜ್ಜೆ ಅಂತ ನಂಬಿ ಬೆಳೆದೋನು ನಾನು," ಎನ್ನುತ್ತಾರೆ ಎಲ್ಯಾಕೀಮ್. "ದೇವರು ಕೊಟ್ಟ ನೆಲಾನ ಯಾರೋ ವಾಷಿಂಗ್ಟನ್‌ನೋರು ನಕ್ಷೆ ಮೇಲೆ ಬೆರಳಿಟ್ಟ ಕೂಡ್ಲೇ ಬಿಟ್ಟುಕೊಡೋ ಮಂತ್ರಿಗಳು. ಅವ್ರಿಗೆ ನಾನು ಯಾವ ಬಾಯಲ್ಲಿ ಒಳ್ಳೇದು ಬೇಡ್ಲಿ?"

ಸೈನ್ಯದಲ್ಲಿ ಟ್ಯಾಂಕ್ ಓಡಿಸಿ ನಿವೃತ್ತರಾದ ಹನನ್ಯಾ ಬುಸ್ಕಿಲಾಗೆ ಈ ಮಾತು ಕೇಳಿದರೇ ಮೈಯೆಲ್ಲ ಉರಿಯುತ್ತದೆ. "ಮಂತ್ರಿಗಳು ಬರ್ತಾರೆ ಹೋಗ್ತಾರೆ, ದೇಶ ಇರುತ್ತೆ. ನಮ್ದು ಅಂಗೈಯಷ್ಟು ದೇಶ. ಅಮೆರಿಕ ವಿಮಾನ ಕೊಡ್ದಿದ್ರೆ ಇವನ ತಂಗಿ ಗುಡ್ಡಾನ ಯಾರು ಕಾಯ್ತಿದ್ರು, ಇವನ ಪುಸ್ತಕಾನಾ? ಆ ಪ್ರಾರ್ಥನೆಗೆ ಏಳ್ದೇ ಇರೋನು ಬಾವುಟಕ್ಕೆ ಬೆನ್ನು ಹಾಕಿದ ಹಾಗೇ."

ಎಲ್ಯಾಕೀಮ್ ತನ್ನ ಕಡೆಯವರನ್ನು ಕರೆದುಕೊಂಡು ಶಿಶುವಿಹಾರದ ಕೋಣೆಯಲ್ಲಿ ಬೇರೆ ಪ್ರಾರ್ಥನೆ ಶುರುಮಾಡಿದರು. ಅಲ್ಲಿಗೆ ವಾರದ ದಿನಗಳಲ್ಲಿ ಇಲ್ಲೂ ಹತ್ತಿಲ್ಲ, ಅಲ್ಲೂ ಹತ್ತಿಲ್ಲ.

"ಇಬ್ರೂ ಕೂಗಾಡೋದು ನೋಡಿದ್ರೆ ಪ್ರಧಾನಿ ನನ್ನ ಬೆಂಚಿನ ಕೆಳಗೇ ಅಡಗಿ ಕೂತಿದಾನೆ ಅನ್ಬೇಕು," ಎಂದು ಮಖ್ಲೂಫ್ ನಿಟ್ಟುಸಿರು ಬಿಡುತ್ತಾರೆ. "ನಾನು ಮಂಡಿ ಕೊಟ್ಟ ದೇಶ ಇದು. ಒಂದು ಗುಡ್ಡ ಹೋದ್ರೂ ನಂಗೆ ಹೊಟ್ಟೆ ಉರಿಯುತ್ತೆ. ಆದ್ರೆ ಮಂತ್ರಿಗೆ ಬುದ್ಧಿ ಇಲ್ಲ ಅಂದ್ಮೇಲೆ, ಬುದ್ಧಿ ಕೊಡಪ್ಪಾ ಅಂತ ದೇವರನ್ನ ಜಾಸ್ತಿ ಕೇಳ್ಬೇಕೋ, ಕಮ್ಮಿ ಕೇಳ್ಬೇಕೋ? ಇದನ್ನ ಇಬ್ರಿಗೂ ಹೇಳ್ದೆ. ಇಬ್ರೂ ನನ್ನ ಹತ್ರ ಮಾತು ಬಿಟ್ರು."

ಮಾತು ಬಿಟ್ಟರೂ ಅವರು ಯಾರ ಕಿಟಕಿಯನ್ನೂ ಬಿಡಲಿಲ್ಲ. ಸಿನಗಾಗಿಗೆ ಕಾಲಿಡದ ಎಲ್ಯಾಕೀಮ್ ಮನೆಯ ಕಿಟಕಿಯನ್ನೂ ದಿನಾ ತಟ್ಟಿದರು. "ನಿಂಗೆ ಮಾನ ಮರ್ಯಾದೆ ಇಲ್ವಾ?" ಎಂದು ಹೆಂಡತಿ ಝೋಹರಾ ಬೈದರು. "ಬರಲ್ಲ ಅಂದೋರ ಕಿಟಕಿ ತಟ್ಟೋಕೆ ಚಳಿಯಲ್ಲಿ ಎದ್ದು ಹೋಗ್ತೀಯಲ್ಲ!" ಮಖ್ಲೂಫ್ ಬೂಟು ಹಾಕಿಕೊಂಡು ಹೊರಟರು.

ವಸಂತದಲ್ಲಿ ಎಲ್ಯಾಕೀಮ್ ಅವರ ತಂದೆ ಬಾರೂಖ್ ತೀರಿಕೊಂಡರು. ಈ ಸಿನಗಾಗಿನ ಗೋಡೆಗೆ ಕೈಯಾರೆ ಕಲ್ಲು ಹೊತ್ತವರಲ್ಲಿ ಅವರೂ ಒಬ್ಬರು. ಮಗ ದಿನವೂ ಕದ್ದೀಶ್ ಹೇಳಬೇಕು, ಶಿಶುವಿಹಾರದಲ್ಲಿ ಹತ್ತು ಜನರಿಲ್ಲ. ಅವರು ಬೆಳಗಾಗುವ ಮುಂಚೆ ಕಾರು ಹತ್ತಿ ಪಕ್ಕದ ಊರಿಗೆ ಹೋಗಿಬರತೊಡಗಿದರು. ಒಂದು ಗುರುವಾರ ಸೈನ್ಯದ ಕವಾಯತಿಗೆಂದು ಹೆದ್ದಾರಿ ಮುಚ್ಚಿತ್ತು. ಬೇರೆ ದಾರಿ ಕಾಣದೆ ಎಲ್ಯಾಕೀಮ್ ನೆರೆಯವನೊಬ್ಬನನ್ನು ಜೊತೆಮಾಡಿಕೊಂಡು ಬಂದು ಸಿನಗಾಗಿನ ಹಿಂದುಗಡೆ ನಿಂತರು. ಮಖ್ಲೂಫ್ ಮುಖಗಳ ಮೇಲೆ ಪದಗಳನ್ನು ಹರಿಸಿದರು. ಕೊನೆಯ ಪದಕ್ಕೆ ಎಲ್ಯಾಕೀಮ್ ಸಿಕ್ಕಿದಾಗ ಕಣ್ಣು ಮಂಜಾಯಿತಂತೆ.

ಗುರುವಾರ ಸುರುಳಿ ಓದುವ ದಿನ. ಮಖ್ಲೂಫ್ ಬೀಗದ ಕೈ ತೆಗೆಯುವಷ್ಟರಲ್ಲಿ ಹನನ್ಯಾ ಎದ್ದು ನಿಂತರು.

"ಬಂದಿದಾನೆ, ಸಂತೋಷ. ಶಬ್ಬಾತ್ ದಿನ ದೇಶದ ಪ್ರಾರ್ಥನೆಗೆ ಏಳ್ತೀನಿ ಅಂತ ಮೊದ್ಲು ಬಾಯಿಬಿಟ್ಟು ಹೇಳ್ಲಿ. ಇಲ್ದಿದ್ರೆ ನಾನು ಹೊರಗೆ. ಆಮೇಲೆ ಒಂಬತ್ತು ಜನ ಇಟ್ಕೊಂಡು ಅದೇನ್ ಮಾಡ್ಕೋತೀರೋ ಮಾಡ್ಕೊಳ್ಳಿ."

"ನಮ್ಮಪ್ಪ ಮಣ್ಣಿಗೆ ಹೋಗಿ ಇನ್ನೂ ತಿಂಗಳಾಗಿಲ್ಲ, ಅವರ ಹೆಸರಲ್ಲಿ ಚೌಕಾಸಿ ಮಾಡ್ತೀಯಾ?" ಎಂದು ಎಲ್ಯಾಕೀಮ್ ಬಾಗಿಲ ಕಡೆ ತಿರುಗಿದರು.

ಆಗ ಮೇಜಿನ ಮೇಲೆ ಪಟ್ಟೆಂದು ಏಟು ಬಿತ್ತು. ಹೊಡೆದವರು ಮಖ್ಲೂಫ್. "ಸುರುಳಿ ತಡೀತಿದೀನಿ," ಎಂದರು. ಅನ್ಯಾಯಕ್ಕೊಳಗಾದವನು ತನ್ನ ದೂರನ್ನು ಉಳಿದವರು ಕೇಳುವ ತನಕ ಸುರುಳಿ ಹೊರಬಾರದಂತೆ ತಡೆಯಬಹುದೆಂಬ ಹಳೆಯ ಪದ್ಧತಿಯೊಂದು ಇವರಲ್ಲಿದೆ. ಈ ಊರಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ನೆಲ ಒರೆಸುವ ಶಮಾಶ್ ಅದಕ್ಕೆ ಕೈಹಾಕುತ್ತಾನೆಂದು ಕನಸಲ್ಲೂ ಎಣಿಸಿರಲಿಲ್ಲ.

"ಅನ್ಯಾಯ ಆಗಿರೋದು ನಂಗೆ. ಹನನ್ಯಾ, ನಿಮ್ಮಮ್ಮನಿಗೆ ನೀನು ಕದ್ದೀಶ್ ಹೇಳೋವಾಗ ಹತ್ತನೇವನಾಗಿ ಬರ್ತಿದ್ದದ್ದು ಬಾರೂಖ್. ಜ್ವರದಲ್ಲಿ ಕೆಮ್ಕೊಂಡು ಬರ್ತಿದ್ದ. ನೀನು ಯಾರಿಗೆ ಓಟು ಹಾಕ್ದೆ ಅಂತ ಕೇಳಿದ್ನಾ? ಎಲ್ಯಾಕೀಮ್, ನಿಂದೂ ಅಷ್ಟೇ. ನಿಮ್ಮಪ್ಪ ಕಲ್ಲು ಹೊತ್ತು ಕಟ್ಟಿದ ಮನೆ ಬಿಟ್ಟು ಮಕ್ಕಳ ಆಟದ ಸಾಮಾನಿನ ಮಧ್ಯೆ ದೇವರನ್ನ ಹುಡುಕ್ತಿದೀಯ. ದೇಶಾನ ಆಮೇಲೆ ಉದ್ಧಾರ ಮಾಡೀರಂತೆ. ಈಗ ಕೂತ್ಕೊಳ್ಳಿ. ಇಬ್ರೂ ಕೂರೋವರೆಗೂ ನಾನು ಬೀಗ ತೆಗೆಯಲ್ಲ."

"ಮಖ್ಲೂಫ್, ನನ್ನ ಬಸ್ಸು ಹೋಗುತ್ತೆ," ಎಂದರು ಯಾರೋ.

"ಹೋಗ್ಲಿ ಬಿಡು."

ಹೊರಗೆ ಬಸ್ಸು ಬಂದು ಹೋದ ಸದ್ದು ಎಲ್ಲರಿಗೂ ಕೇಳಿಸಿತು. ಕೊನೆಯ ಬೆಂಚಿನಲ್ಲಿ ಎಲ್ಯಾಕೀಮ್ ಮೊದಲು ಕೂತರು. ಬಹಳ ಹೊತ್ತಿನ ಮೇಲೆ ಹನನ್ಯಾ ಗೋಡೆಗೆ ಮುಖ ಮಾಡಿಕೊಂಡು ಕೂತರು. ಬೀಗ ತೆರೆಯಿತು. ಓದು ಮುಗಿದ ಮೇಲೆ ಎಲ್ಯಾಕೀಮ್ ಅಪ್ಪನಿಗಾಗಿ ಕದ್ದೀಶ್ ಹೇಳಿದರು.

ಇದರಿಂದ ಊರು ಒಂದಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ವಾರದ ದಿನಗಳಲ್ಲಿ ಈಗ ಎಲ್ಲರೂ ಒಟ್ಟಿಗೆ ಸೇರುತ್ತಾರೆ. ಶಬ್ಬಾತ್ ದಿನ ಆ ಪ್ರಾರ್ಥನೆ ಬಂದೊಡನೆ ಎಲ್ಯಾಕೀಮ್ ಕಡೆಯವರು ಎದ್ದು ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ಅವರಿಗೆ ಕೇಳಿಸಲೆಂದೇ ಹನನ್ಯಾ ಗಂಟಲು ಹರಿಯುವಂತೆ ಪ್ರಾರ್ಥಿಸುತ್ತಾರೆ. ಮುಗಿದ ಮೇಲೆ ಅಂಗಳದಲ್ಲಿದ್ದವರು ಒಳಗೆ ಬರುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಗುಡ್ಡದ ತೆರವಿನ ದಿನ ಹತ್ತಿರವಾಗುತ್ತಿದೆ, ಆಗ ಏನಾಗುತ್ತದೋ ಹೇಳಲು ಬರುವಂತಿಲ್ಲ.

ಇವತ್ತಿನ ಪ್ರಾರ್ಥನೆ ಮುಗಿದಿದೆ. ಮೆಟ್ಟಿಲ ಮೇಲೆ ಕೂತು ಪುದೀನ ಚಹಾ ಹಿಡಿದಿರುವ ಮಖ್ಲೂಫ್ ಕಣ್ಣು ಮುಚ್ಚಿಕೊಂಡಿದ್ದಾರೆ. "ಸಾಕಾಗಿದೆ. ಬೇರೆಯವರನ್ನ ನೋಡಿ ಅಂತ ಸಮಿತಿಗೆ ಹೇಳಿ ಹೇಳಿ ನಾಲಿಗೆ ಸವೀತು. ಬೆಳಗಿನ ಜಾವ ಬೈಸಿಕೊಳ್ಳೋ ಕೆಲಸಕ್ಕೆ ಯಾರು ಬರ್ತಾರೆ ಹೇಳಿ."

ಇಷ್ಟು ವರ್ಷದಲ್ಲಿ ಹೆಮ್ಮೆ ಅನ್ನಿಸಿದ್ದು ಯಾವುದಾದರೂ ಇದೆಯೇ ಎಂದರೆ ಕಣ್ಣು ತೆರೆದು ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ.

"ಆ ಗುರುವಾರ ಎಲ್ಯಾಕೀಮ್ ಕದ್ದೀಶ್ ಹೇಳಿದ್ನಲ್ಲ, ಅದಕ್ಕೆ ಎಲ್ರಿಗಿಂತ ಜೋರಾಗಿ ಆಮೆನ್ ಅಂದೋನು ಹನನ್ಯಾ. ಕೇಳಿ ನೋಡಿ, ಇಲ್ಲವೇ ಇಲ್ಲ ಅಂತಾನೆ. ನಾನು ಪಕ್ಕದಲ್ಲೇ ನಿಂತಿದ್ದೆ. ಬರ್ಕೊಳ್ಳಿ."